ಕೆಸರು ಏನು ಮಾಡುತ್ತದೆ, ಏನು ಮಾಡುವುದಿಲ್ಲ: ರೀಫ್ ಟ್ಯಾಂಕಿನ ರೆಫ್ಯೂಜಿಯಂ

ಮೊದಲು ಒಂದು ಲೆಕ್ಕ ಮುಗಿಸಿಬಿಡೋಣ. ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ.

400 ಲೀಟರಿನ ಒಂದು ರೀಫ್ ಟ್ಯಾಂಕ್ (ಹವಳ ಮತ್ತು ಸಮುದ್ರದ ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂ) ಇದೆ ಎಂದಿಟ್ಟುಕೊಳ್ಳಿ. ಮೀನುಗಳಿಗೆ ದಿನಕ್ಕೆ ಒಂದು ಗ್ರಾಂ ಒಣ ಆಹಾರ ಹಾಕುತ್ತೀರಿ. ಅದರಲ್ಲಿ ಶೇ. 45 ಪ್ರೋಟೀನ್ ಇದ್ದರೆ ಸಾರಜನಕ ಸುಮಾರು 72 ಮಿಲಿಗ್ರಾಂ. ಬೆಳೆದುನಿಂತ ಮೀನು ಅದರಲ್ಲಿ ಮೈಗೂಡಿಸಿಕೊಳ್ಳುವುದು ಕಡಿಮೆ. ಉಳಿದದ್ದು ಅಮೋನಿಯಾ ಆಗಿ ಹೊರಬಿದ್ದು, ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲಿ ನಿಲ್ಲುತ್ತದೆ. ಎಲ್ಲವೂ ನೈಟ್ರೇಟ್ ಆಯಿತು ಎಂದುಕೊಂಡರೆ ದಿನಕ್ಕೆ 320 ಮಿಲಿಗ್ರಾಂ. 400 ಲೀಟರಿಗೆ ಹಂಚಿದರೆ ದಿನಕ್ಕೆ 0.8 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ತಿಂಗಳಿಗೆ 24. ರಂಜಕದ ಕಥೆಯೂ ಇದೇ. ಆಹಾರದಲ್ಲಿ ಶೇ. 1 ರಂಜಕ ಇದ್ದರೆ ದಿನಕ್ಕೆ ಸುಮಾರು 30 ಮಿಲಿಗ್ರಾಂ ಫಾಸ್ಫೇಟ್, ತಿಂಗಳಿಗೆ 2 ಪಿಪಿಎಂಗಿಂತ ಜಾಸ್ತಿ. ಹವಳದ ಟ್ಯಾಂಕಿನಲ್ಲಿ ನಾವು ಬಯಸುವುದು 0.03ರಿಂದ 0.1ರ ಒಳಗೆ.

ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ) ಒಂದಷ್ಟು ಎಳೆಯುತ್ತದೆ, ಹವಳ ಒಂದಷ್ಟು ತಿನ್ನುತ್ತದೆ, ನೀರು ಬದಲಿಸಿದಾಗ ಒಂದಷ್ಟು ಹೋಗುತ್ತದೆ. ಉಳಿದ ಹೊರೆಯನ್ನು ಹೊರಗೆ ಸಾಗಿಸಲು ಇರುವ ಜಾಗವೇ ರೆಫ್ಯೂಜಿಯಂ. ಮುಖ್ಯ ಟ್ಯಾಂಕಿನ ನೀರೇ ಹರಿದುಹೋಗುವ, ಆದರೆ ಮೀನುಗಳಿಲ್ಲದ ಇನ್ನೊಂದು ಕೋಣೆ ಅದು. ಬಹುತೇಕರು ಅದನ್ನು ಸಂಪಿನಲ್ಲೇ ಒಂದು ಭಾಗವಾಗಿ ಕಟ್ಟಿಕೊಳ್ಳುತ್ತಾರೆ. (ಸಂಪ್ ಎಂದರೆ ಬೆಂಗಳೂರಿನ ಮನೆಯ ನೆಲದಡಿಯ ಸಂಪಲ್ಲ, ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇರುವ ಎರಡನೇ ಗಾಜಿನ ತೊಟ್ಟಿ.) ಆ ಕೋಣೆಯ ತಳದಲ್ಲಿ ಕೆಸರು, ಕೆಸರಿನಲ್ಲಿ ಹುಳುಹುಪ್ಪಟೆ, ಮೇಲೆ ಕಡಲಪಾಚಿ, ಪಾಚಿಯ ಮೇಲೆ ದೀಪ. ಇಷ್ಟೇ ಸಾಮಾನು.

ಪಾಚಿಯಿಂದ ಸಮುದ್ರದ ನೀರನ್ನು ಹದದಲ್ಲಿಡುವ ವಿಚಾರವನ್ನು 1980ರ ದಶಕದಲ್ಲಿ ಗಟ್ಟಿಯಾಗಿ ಮುಂದಿಟ್ಟವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ. ಅದೇ ಕಾಲಕ್ಕೆ ಮೊನಾಕೊದಲ್ಲಿ ಜಾನ್ ಜೋಬೇರ್ ದಪ್ಪ ಮರಳಿನ ಹಾಸಿನ ಕೆಳಗೆ ನೀರಿನ ತೆಳು ಪದರ ಬಿಟ್ಟು ನೈಟ್ರೇಟ್ ಇಳಿಸುವ ವಿಧಾನ ತೋರಿಸಿದರು. ಮರಳಿನ ಬದಲು ಕೆಸರು ಹಾಕಿ, ಅದರ ಮೇಲೆ ಕಾಲರ್ಪಾ ಎಂಬ ಬಳ್ಳಿಯಂತೆ ಹಬ್ಬುವ ಕಡಲಪಾಚಿ ಬೆಳೆಸಿ, ದಿನದ 24 ಗಂಟೆಯೂ ದೀಪ ಉರಿಸುವ ಪದ್ಧತಿಯನ್ನು 1990ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯಗೊಳಿಸಿದ್ದು ಲೆಂಗ್ ಸೈ. ಅವರ ಕೆಸರಿನ ಹೆಸರು ಮಿರಕಲ್ ಮಡ್. ಸ್ಕಿಮ್ಮರ್ ಬೇಡ, ಕೆಸರು ಮತ್ತು ಪಾಚಿ ಸಾಕು ಎಂಬುದು ಆ ಪದ್ಧತಿಯ ವಾದ. ಹೆಸರಿನಲ್ಲೇ ಪವಾಡ ಇದ್ದುದರಿಂದ ಜನ ಕೆಸರಿನಿಂದ ಪವಾಡವನ್ನೇ ನಿರೀಕ್ಷಿಸಿದರು. ಗೊಂದಲ ಶುರುವಾದದ್ದು ಅಲ್ಲಿಂದ.

ಕೆಸರಿನೊಳಗೆ ನಡೆಯುವುದೇನು

ಕೆಸರಿನ ಕಣ ಮರಳಿಗಿಂತ ಬಹಳ ಸಣ್ಣದು. 0.06 ಮಿ.ಮೀ.ಗಿಂತ ಕೆಳಗಿನದನ್ನು ಭೂವಿಜ್ಞಾನಿಗಳು ಹೂಳು ಮತ್ತು ಜೇಡಿಯ ಲೆಕ್ಕಕ್ಕೆ ಹಾಕುತ್ತಾರೆ. ಇಷ್ಟು ನುಣ್ಣನೆಯ ಕಣಗಳ ನಡುವೆ ನೀರು ಹರಿಯುವುದಿಲ್ಲ, ಇಂಗುತ್ತದೆ ಅಷ್ಟೆ. ಹಾಗಾಗಿ ಆಮ್ಲಜನಕ ಮೇಲಿನ ಕೆಲವೇ ಮಿಲಿಮೀಟರ್‌ಗಳಲ್ಲಿ ಮುಗಿದುಹೋಗುತ್ತದೆ. ಅದರ ಕೆಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕಕ್ಕೆ ಬದಲಾಗಿ ನೈಟ್ರೇಟನ್ನು ಬಳಸಿಕೊಂಡು ಅದನ್ನು ಸಾರಜನಕ ಅನಿಲವಾಗಿ ಬಿಡುತ್ತವೆ. ಮರಳಿನಲ್ಲಿ ಇದೇ ಕೆಲಸಕ್ಕೆ 10–12 ಸೆಂ.ಮೀ. ದಪ್ಪ ಬೇಕಾದರೆ ಕೆಸರಿನಲ್ಲಿ 5 ಸೆಂ.ಮೀ. ಸಾಕಾಗುವುದು ಇದಕ್ಕೇ. ಅದಕ್ಕಿಂತ ದಪ್ಪ ಹಾಕಿದರೆ ಲಾಭವಿಲ್ಲ, ಕೆಳಗೆ ಸತ್ತ ಜಾಗ ಹೆಚ್ಚುತ್ತದೆ.

ಆದರೆ ಈ ಕೆಲಸ ಎಷ್ಟು ದೊಡ್ಡದು? ಕರಾವಳಿಯ ಹೂಳಿನಲ್ಲಿ ವಿಜ್ಞಾನಿಗಳು ಅಳೆದಿರುವ ದರ ಚದರ ಮೀಟರಿಗೆ, ಗಂಟೆಗೆ, ಹತ್ತಾರು ಮೈಕ್ರೊಮೋಲ್‌ನಿಂದ ಕೆಲವು ನೂರರವರೆಗೆ. 100 ಎಂದು ಹಿಡಿಯೋಣ. 40 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಕೆಸರಿನ ಹಾಸು ಎಂದರೆ 0.18 ಚದರ ಮೀಟರ್. ದಿನಕ್ಕೆ ಕೆಸರು ಕಳೆಯುವ ನೈಟ್ರೇಟ್ ಸುಮಾರು 27 ಮಿಲಿಗ್ರಾಂ. ಬರುತ್ತಿರುವುದು 320. ಈಗ ಪಾಚಿಯ ಕಡೆ ನೋಡಿ. ನೀರು ಹಿಂಡಿದ ಹಸಿ ಪಾಚಿಯಲ್ಲಿ ಹತ್ತರಲ್ಲೊಂದು ಪಾಲು ಒಣ ಪದಾರ್ಥ, ಅದರಲ್ಲಿ ಸಾರಜನಕ ಶೇ. 3ರ ಆಸುಪಾಸು. 100 ಗ್ರಾಂ ಹಸಿ ಪಾಚಿಯನ್ನು ಕಿತ್ತು ಹೊರಗೆ ಹಾಕಿದರೆ ಸುಮಾರು 1,300 ಮಿಲಿಗ್ರಾಂ ನೈಟ್ರೇಟ್ ಹೋದಂತೆ. ವಾರಕ್ಕೊಮ್ಮೆ ಅಷ್ಟು ಕಿತ್ತರೆ ದಿನಕ್ಕೆ 190. ಅಂದರೆ ಕೆಸರಿನ ಏಳು ಪಟ್ಟು.

ಇದೇ ನನ್ನ ಮುಖ್ಯ ಮಾತು. ಕೆಸರಿನ ರೆಫ್ಯೂಜಿಯಂನಲ್ಲಿ ನೀರು ಸೋಸುವುದು ಕೆಸರಲ್ಲ, ಕೊಯ್ಲು. ಪಾಚಿ ಬೆಳೆದು ಅಲ್ಲೇ ಇದ್ದರೆ ಏನೂ ಹೊರಗೆ ಹೋಗಿಲ್ಲ. ಅದು ಕೊಳೆತ ದಿನ ಎಲ್ಲವೂ ನೀರಿಗೇ ಮರಳುತ್ತದೆ. ಬೆಳೆದ ಪಾಚಿಯ ಅಂದ ನೋಡಿ ಕೀಳಲು ಮನಸ್ಸು ಬಾರದವರ ಟ್ಯಾಂಕಿನಲ್ಲೇ ನೈಟ್ರೇಟ್ ಇಳಿಯದಿರುವುದು.

ಹಾಗಾದರೆ ಕೆಸರು ಯಾಕೆ? ಮೂರು ಕಾರಣಕ್ಕೆ. ಒಂದು, ಸಣ್ಣ ಜೀವಿಗಳ ಸಂಸಾರ. ಕೋಪಿಪಾಡ್, ಆಂಫಿಪಾಡ್ (ಎರಡೂ ಸಿಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳು), ಕೂದಲೆಳೆಯಂಥ ಹುಳುಗಳು ನುಣ್ಣನೆಯ ಹಾಸಿನಲ್ಲಿ ಬೆಳೆಯುವ ಹಾಗೆ ಬರಿಯ ಗಾಜಿನ ತಳದಲ್ಲಿ ಬೆಳೆಯಲಾರವು. ಅವುಗಳ ಮರಿಗಳು ನೀರಿನೊಂದಿಗೆ ಮೇಲಿನ ಟ್ಯಾಂಕಿಗೆ ಹೋಗಿ ಹವಳಕ್ಕೂ ಮ್ಯಾಂಡರಿನ್ ಮೀನಿಗೂ ಜೀವಂತ ಊಟವಾಗುತ್ತವೆ. ಮ್ಯಾಂಡರಿನ್ ಸಾಕುವ ಆಸೆ ಇದ್ದವರಿಗೆ ಇದೊಂದೇ ಕಾರಣ ಸಾಕು. ಎರಡು, ಬೇರು ಬಿಡುವ ಪಾಚಿ. ಕಾಲರ್ಪಾ ತನ್ನ ಬೇರಿನಂಥ ಎಳೆಗಳನ್ನು ಕೆಸರಿಗೆ ಇಳಿಸಿ ಅಲ್ಲಿಂದಲೂ ಪೋಷಕಾಂಶ ಹೀರುತ್ತದೆ. ಟ್ಯಾಂಕಿನ ನೀರಿನಲ್ಲಿ ಕಬ್ಬಿಣ ಕರಗಿ ಉಳಿಯುವುದಿಲ್ಲ, ತುಕ್ಕಾಗಿ ಕೂರುತ್ತದೆ. ಆಮ್ಲಜನಕವಿಲ್ಲದ ಕೆಸರಿನೊಳಗೆ ಅದೇ ಕಬ್ಬಿಣ ಕರಗಿದ ರೂಪದಲ್ಲಿ ಬೇರಿಗೆ ಸಿಗುತ್ತದೆ. ಮೂರು, ನಾವು ಲೆಕ್ಕ ಹಾಕಿದ ಆ 27 ಮಿಲಿಗ್ರಾಂ. ಸಣ್ಣದಾದರೂ ರಾತ್ರಿ ಹಗಲು ನಡೆಯುವ ಕೆಲಸ.

ಇದರಿಂದ ಒಂದು ನೇರ ತೀರ್ಮಾನ ಬರುತ್ತದೆ, ಅಂಗಡಿಯವರು ಹೇಳುವುದಿಲ್ಲ. ನೀವು ಬೆಳೆಸುವುದು ಬರೀ ಕೀಟೊಮಾರ್ಫಾ ಆದರೆ ಅದಕ್ಕೆ ಕೆಸರು ಬೇಕಿಲ್ಲ. ಅದು ಬೇರಿಲ್ಲದೆ ನೀರಿನಲ್ಲಿ ತೇಲುತ್ತಾ ಬೆಳೆಯುವ ನೈಲಾನ್ ಎಳೆಯಂಥ ಪಾಚಿ. ಖಾಲಿ ತಳ, ಒಳ್ಳೆಯ ಹರಿವು, ಬಿರುಸಾದ ದೀಪ ಇದ್ದರೆ ಅದಕ್ಕೆ ಹಬ್ಬ. ಕೆಸರಿಗೆ ದುಡ್ಡು ಹಾಕುವುದು ಕಾಲರ್ಪಾಕ್ಕಾಗಿ, ಕಡಲಹುಲ್ಲಿಗಾಗಿ ಅಥವಾ ಜೀವಿಗಳಿಗಾಗಿ.

ಅಳತೆ

ಉದಾಹರಣೆಗೆ 120 × 60 × 55 ಸೆಂ.ಮೀ. ಟ್ಯಾಂಕ್, ಕೆಳಗೆ 90 × 45 × 45ರ ಸಂಪ್. ಸಂಪಿನ 90 ಸೆಂ.ಮೀ. ಉದ್ದದಲ್ಲಿ ಒಂದು ತುದಿ ಕೊಳಕು ನೀರು ಇಳಿಯುವ ಮತ್ತು ಸ್ಕಿಮ್ಮರ್ ಕೂರುವ ಭಾಗ, ನಡುವೆ ನೀರನ್ನು ಮೇಲಿನ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪ್, ಇನ್ನೊಂದು ತುದಿಯ 40 ಸೆಂ.ಮೀ. ರೆಫ್ಯೂಜಿಯಂ. ನೀರಿನ ಎತ್ತರ 30 ಸೆಂ.ಮೀ. ಇಟ್ಟರೆ ರೆಫ್ಯೂಜಿಯಂ 54 ಲೀಟರ್, ಮುಖ್ಯ ಟ್ಯಾಂಕಿನ ಶೇ. 13ರಷ್ಟು. ಶೇ. 10ರಿಂದ 20 ಸರಿಯಾದ ಅಳತೆ. ಇನ್ನೂ ದೊಡ್ಡದಾದರೆ ಇನ್ನೂ ಒಳ್ಳೆಯದೇ, ಕಪಾಟಿನಲ್ಲಿ ಜಾಗ ಇರಬೇಕಲ್ಲ. ಕೆಸರು 5 ಸೆಂ.ಮೀ. ದಪ್ಪಕ್ಕೆ 40 × 45 × 5, ಅಂದರೆ 9 ಲೀಟರ್. ಒದ್ದೆ ಕೆಸರು ಲೀಟರಿಗೆ ಒಂದೂವರೆ ಕೆ.ಜಿ. ಆಸುಪಾಸು ತೂಗುತ್ತದೆ. ಒಂದೊಂದು ಕಂಪನಿಯದು ಒಂದೊಂದು ಥರ ಇರುವುದರಿಂದ ತೂಕಕ್ಕಿಂತ ಗಾತ್ರ ಕೇಳಿ ಕೊಳ್ಳಿ.

ರೆಫ್ಯೂಜಿಯಂಗೆ ನೀರು ಎಲ್ಲಿಂದ ಕೊಡಬೇಕು ಎಂಬುದರಲ್ಲಿ ಎರಡು ಪಂಗಡ. ಮೇಲಿನಿಂದ ಇಳಿಯುವ ನೀರನ್ನು ನೇರ ಕೊಟ್ಟರೆ ಅದರ ಜೊತೆ ಮೀನಿನ ಹಿಕ್ಕೆ, ಉಳಿದ ಆಹಾರ ಎಲ್ಲ ಬಂದು ನಿಧಾನ ಹರಿವಿನ ಈ ಕೋಣೆಯಲ್ಲೇ ಕೂರುತ್ತದೆ. ಒಂದು ವರ್ಷದಲ್ಲಿ ಕೆಸರಿನ ಮೇಲೆ ಇನ್ನೊಂದು ಕೆಸರು. ಆದ್ದರಿಂದ ರಿಟರ್ನ್ ಪಂಪಿನ ಪೈಪಿಗೆ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ, ಅರ್ಧ ಇಂಚಿನ ಬಾಲ್ ವಾಲ್ವ್ ಕೂರಿಸಿ, ಸ್ಕಿಮ್ಮರ್ ದಾಟಿಬಂದ ನೀರನ್ನು ಕೊಡುವುದೇ ಸರಿ. ರೆಫ್ಯೂಜಿಯಂನಿಂದ ಉಕ್ಕಿದ ನೀರು ಅಡ್ಡಗಾಜಿನ ಮೇಲೆ ಹಾದು ನೇರವಾಗಿ ಪಂಪಿನ ಭಾಗಕ್ಕೇ ಬೀಳಬೇಕು. ನಡುವೆ ಫಿಲ್ಟರ್ ಚೀಲ ಇಟ್ಟರೆ ಕೋಪಿಪಾಡ್‌ಗಳೆಲ್ಲ ಅದರಲ್ಲೇ ಸಿಕ್ಕಿಬೀಳುತ್ತವೆ. ಪಂಪಿನ ಚಕ್ರದಲ್ಲಿ ಅವು ಸಾಯುತ್ತವೆ ಎಂಬ ಹೆದರಿಕೆ ಅತಿಯಾಯಿತು, ಹೆಚ್ಚಿನವು ಬದುಕಿ ದಾಟುತ್ತವೆ.

ಹರಿವು ಗಂಟೆಗೆ ರೆಫ್ಯೂಜಿಯಂ ಗಾತ್ರದ 5ರಿಂದ 10 ಪಟ್ಟು, ನಮ್ಮ ಲೆಕ್ಕದಲ್ಲಿ 250–500 ಲೀಟರ್. ಕೆಸರು ಏಳುತ್ತದೆ ಎಂದು ಹೆದರಿ ಹರಿವನ್ನು ತೊಟ್ಟಿಕ್ಕುವಷ್ಟಕ್ಕೆ ಇಳಿಸುವವರಿದ್ದಾರೆ. ಲೆಕ್ಕ ನೋಡಿ: ಕೆಸರಿನ ಮೇಲೆ 25 ಸೆಂ.ಮೀ. ನೀರು, 45 ಸೆಂ.ಮೀ. ಅಗಲ. ಗಂಟೆಗೆ 500 ಲೀಟರ್ ಹರಿದರೂ ನೀರಿನ ಸರಾಸರಿ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅದಕ್ಕೆ ಕೆಸರು ಅಲುಗಾಡುವುದೂ ಇಲ್ಲ. ಕೆಸರೆಬ್ಬಿಸುವುದು ಪೈಪಿನ ಬಾಯಿ. ಅದೇ 500 ಲೀಟರ್ 20 ಮಿ.ಮೀ. ಪೈಪಿನಿಂದ ಹೊರಬೀಳುವಾಗ ವೇಗ ಸೆಕೆಂಡಿಗೆ 44 ಸೆಂ.ಮೀ. ಆ ಧಾರೆ ಕೆಸರಿನ ಕಡೆ ಮುಖ ಮಾಡಿದ್ದರೆ ಗುಂಡಿ ತೋಡುತ್ತದೆ. ಪೈಪಿನ ತುದಿಗೆ ಎಲ್ಬೋ ಹಾಕಿ ಮೇಲ್ಮುಖವಾಗಿ ತಿರುಗಿಸಿ, ಇಲ್ಲವೇ ಅಗಲಕ್ಕೂ ಒಂದು ತೂತಿನ ಪೈಪ್ ಮಲಗಿಸಿ ನೀರನ್ನು ಹರಡಿಬಿಡಿ. ಹರಿವು ತೀರಾ ಕಮ್ಮಿಯಾದರೆ ಪಾಚಿಗೆ ಊಟ ತಲುಪುವುದಿಲ್ಲ, ಎಲೆಯ ಮೇಲೆ ಧೂಳು ಕೂರುತ್ತದೆ, ರಾತ್ರಿ ಕೆಸರಿನ ಮೇಲ್ಮೈಗೇ ಆಮ್ಲಜನಕ ಸಾಲುವುದಿಲ್ಲ.

ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನಿಂದ 2 ಸೆಂ.ಮೀ. ನೀರು ಇಳಿದರೂ 14 ಲೀಟರಿಗಿಂತ ಹೆಚ್ಚು. ಅದನ್ನು ಹಿಡಿಯುವಷ್ಟು ಖಾಲಿ ಜಾಗ ಸಂಪಿನಲ್ಲಿ ಇರಲೇಬೇಕು. ಕೆಸರು ಹಾಕುವ ಮೊದಲೇ ಪಂಪ್ ಆರಿಸಿ ನೀರು ಎಲ್ಲಿಯವರೆಗೆ ಏರುತ್ತದೆ ನೋಡಿ, ಗಾಜಿನ ಮೇಲೆ ಗುರುತು ಹಾಕಿಕೊಳ್ಳಿ.

ಕೆಸರು ಹಾಕುವ ಬಗೆ

ಇಲ್ಲಿ ಅವಸರ ಮಾಡಿದರೆ ಒಂದು ವಾರ ಟ್ಯಾಂಕ್ ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ.

ಕೆಸರನ್ನು ಅಕ್ವೇರಿಯಂ ಮರಳಿನಂತೆ ತೊಳೆಯಬೇಡಿ. ತೊಳೆದರೆ ಹೋಗುವುದೇ ನೀವು ದುಡ್ಡು ಕೊಟ್ಟ ನುಣುಪು ಕಣ. ವಾಲ್ವ್ ಮುಚ್ಚಿ, ರೆಫ್ಯೂಜಿಯಂನ ನೀರನ್ನು ಪೂರ್ತಿ ಹೊರಗೆ ತೆಗೆಯಿರಿ. ಬಕೆಟ್ಟಿನಲ್ಲಿ ಕೆಸರಿಗೆ 35 ಪಿಪಿಟಿ (ಸಾವಿರದಲ್ಲಿ 35 ಪಾಲು) ಲವಣದ ಉಪ್ಪುನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿ. ಒಣ ಗಂಟು ಉಳಿದರೆ ಅದರೊಳಗಿನ ಗಾಳಿ ಆಮೇಲೆ ಗುಳ್ಳೆಯಾಗಿ ಎದ್ದು ಕೆಸರನ್ನೂ ಎಬ್ಬಿಸುತ್ತದೆ, ಕೈಯಿಂದಲೇ ಒಡೆಯಿರಿ. ಈ ಹದದ ಕೆಸರನ್ನು ತಳಕ್ಕೆ ಸುರಿದು ಪ್ಲಾಸ್ಟಿಕ್ ಕಾರ್ಡಿನಿಂದ ಸಮತಟ್ಟು ಮಾಡಿ. ಬೇಕಿದ್ದರೆ ಮೇಲೆ ಅರ್ಧದಿಂದ ಒಂದು ಸೆಂ.ಮೀ. ಅರಗೊನೈಟ್ ಮರಳು (ಸುಣ್ಣದಂಶದ ಮರಳು) ಉದುರಿಸಿ. ಹುಳುಗಳು ಕೆಲವೇ ತಿಂಗಳಲ್ಲಿ ಅದನ್ನೂ ಕಲಸಿಬಿಡುತ್ತವೆ, ಆದರೆ ಮೊದಲ ದಿನಗಳಿಗೆ ಅನುಕೂಲ.

ಈಗ ಕೆಸರಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೊಂದು ತಟ್ಟೆ ಇಟ್ಟು, ತಟ್ಟೆಯೊಳಗೆ ಏರ್ ಪಂಪಿನ ಸಣ್ಣ ಟ್ಯೂಬಿನಿಂದ ನೀರು ಬಿಡಿ. ತುಂಬಲು ಹೊತ್ತು ಹಿಡಿಯುತ್ತದೆ, ಹಿಡಿಯಲಿ. ತುಂಬಿದ ಮೇಲೆ ಹಾಳೆಯನ್ನು ಒಂದು ಮೂಲೆಯಿಂದ ಮೆಲ್ಲಗೆ ಎಳೆದುಕೊಳ್ಳಿ. ಒಂದು ಪೂರ್ತಿ ದಿನ ಹರಿವು ಬೇಡ. ಮರುದಿನ ವಾಲ್ವನ್ನು ಕಾಲು ಭಾಗ ತೆರೆಯಿರಿ, ಮೂರು ದಿನದಲ್ಲಿ ಪೂರ್ತಿಗೆ ತನ್ನಿ. ಈ ಮೂರು ದಿನಕ್ಕೆ ಮಾತ್ರ ರೆಫ್ಯೂಜಿಯಂ ನೀರು ಹೊರಬೀಳುವ ಕಡೆ ಬಿಳಿ ಫಿಲ್ಟರ್ ಹತ್ತಿ ಇಟ್ಟು, ದಿನಕ್ಕೊಮ್ಮೆ ಬದಲಿಸಿ. ಆದರೂ ಸ್ವಲ್ಪ ಕದಡು ಮೇಲೆ ಹೋಗುತ್ತದೆ. ಹವಳಗಳು ಲೋಳೆ ಬಿಟ್ಟು ಅದನ್ನು ತಳ್ಳಿಹಾಕುತ್ತವೆ, ಗಾಬರಿ ಬೇಡ.

ಎರಡು ವಾರ ಕಳೆದ ಮೇಲೆ ಜೀವಿಗಳು. ಹಳೆಯ, ಆರೋಗ್ಯವಾಗಿರುವ ಟ್ಯಾಂಕಿನಿಂದ ಒಂದು ಲೋಟ ಮರಳು ಸಿಕ್ಕರೆ ಯಾವ ಬಾಟಲಿಗಿಂತಲೂ ಮೇಲು. ಆದರೆ ಆ ಟ್ಯಾಂಕಿನಲ್ಲಿ ಮೀನಿನ ರೋಗ ಇಲ್ಲವೆಂದು ಗೊತ್ತಿರಬೇಕು. ಬಾಟಲಿಯ ಕೋಪಿಪಾಡ್ ಆದರೆ ಟಿಸ್ಬೆ ಜಾತಿಯದು ತಳದಲ್ಲೇ ಬಾಳುವುದರಿಂದ ಒಳ್ಳೆಯ ಆಯ್ಕೆ. ದೀಪ ಆರಿಸಿ, ಹರಿವು ನಿಲ್ಲಿಸಿ, ಸುರಿದು, ಒಂದು ಗಂಟೆ ಬಿಟ್ಟು ಹರಿವು ತೆರೆಯಿರಿ. ಜೊತೆಗೆ ಮೂರ್ನಾಲ್ಕು ನಸಾರಿಯಸ್ ಬಸವನಹುಳು, ಅವು ಕೆಸರಿನ ಮೇಲ್ಪದರ ಗಟ್ಟಿಯಾಗದಂತೆ ಉತ್ತುಕೊಂಡಿರುತ್ತವೆ. ಏಡಿ ಬೇಡ, ಸನ್ಯಾಸಿ ಏಡಿಯೂ ಬೇಡ, ಮರಳು ಜಾಲಾಡುವ ನಕ್ಷತ್ರಮೀನಂತೂ ಬೇಡವೇ ಬೇಡ. ನೀವು ಸಾಕಲು ಹೊರಟ ಜೀವಿಗಳನ್ನೇ ಅವು ತಿನ್ನುತ್ತವೆ. 'ಖಾಲಿ ಇದೆಯಲ್ಲ' ಎಂದು ಜಗಳಗಂಟ ಮೀನೊಂದನ್ನು ಇಲ್ಲಿಗೆ ಗಡೀಪಾರು ಮಾಡಿದ ದಿನವೇ ರೆಫ್ಯೂಜಿಯಂ ಮುಗಿಯಿತು.

ದೀಪಕ್ಕೆ 6500 ಕೆಲ್ವಿನ್‌ನ 20–30 ವಾಟ್ ಎಲ್‌ಇಡಿ ಫ್ಲಡ್ ಲೈಟ್ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, ನೀರು ತಾಗಿದರೂ ತಡೆಯುವ ಐಪಿ65 ಗುರುತಿನದು ಆಗಲಿ. ಉಪ್ಪಿನ ಹಬೆಗೆ ಸಾಧಾರಣ ದೀಪ ಬೇಗ ತುಕ್ಕು ಹಿಡಿಯುತ್ತದೆ. ನೀರಿನಿಂದ 20–25 ಸೆಂ.ಮೀ. ಮೇಲಿರಲಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತುಬಿದ್ದಿರಲಿ, ಹನಿ ಅಲ್ಲೇ ಉದುರಿಹೋಗಲಿ. ಕರೆಂಟ್ ಸೋರಿದರೆ ತಾನಾಗಿಯೇ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಉಪ್ಪುನೀರಿನ ಕೆಲಸವೇ ಬೇಡ. ಪಂಪಿನ ಭಾಗಕ್ಕೆ ಬೆಳಕು ಬೀಳದಂತೆ ಅಡ್ಡಗಾಜಿಗೆ ಕಪ್ಪು ಹಾಳೆ ಅಂಟಿಸಿ, ಇಲ್ಲದಿದ್ದರೆ ಪಂಪಿನ ಮೈಮೇಲೂ ಪಾಚಿ.

ಕೀಟೊಮಾರ್ಫಾಕ್ಕೆ ದಿನಕ್ಕೆ 12ರಿಂದ 16 ಗಂಟೆ ಬೆಳಕು, ಅದೂ ಮುಖ್ಯ ಟ್ಯಾಂಕಿನ ದೀಪ ಆರಿದ ಹೊತ್ತಿನಲ್ಲಿ. ರಾತ್ರಿ ಎಲ್ಲ ಜೀವಿಗಳೂ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಪಿಎಚ್ ಇಳಿಯುತ್ತದೆ. ಆಗ ಕೆಳಗೆ ಪಾಚಿ ಅದನ್ನು ಹೀರುತ್ತಿದ್ದರೆ ಇಳಿತ ಕಡಿಮೆ.

ಕಾಲರ್ಪಾದ ಗುಣ

ಕಾಲರ್ಪಾ ಬೆಳೆಸುವವರು ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಬಳ್ಳಿ ಎಷ್ಟೇ ಉದ್ದ ಹಬ್ಬಲಿ, ಒಳಗೆ ಅಡ್ಡಗೋಡೆಗಳಿಲ್ಲದ ಒಂದೇ ಕೋಶ ಅದು. ಸಂತಾನಕ್ಕೆ ಹೊರಟಾಗ ಒಳಗಿನ ಸತ್ವವನ್ನೆಲ್ಲ ನೀರಿಗೆ ಬಿಟ್ಟು ತಾನು ಸಾಯುತ್ತದೆ. ತಿಂಗಳುಗಟ್ಟಲೆ ಹೀರಿದ ಪೋಷಕಾಂಶ ಒಂದೇ ಬೆಳಗಿಗೆ ವಾಪಸು. ನೀರು ಹಸಿರು ಮಿಶ್ರಿತ ಹಾಲಾಗುತ್ತದೆ, ಆಮ್ಲಜನಕ ಕುಸಿಯುತ್ತದೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಹಿಂದಿನ ದಿನವೇ ಸೂಚನೆ ಸಿಗುತ್ತದೆ: ಎಲೆಗಳ ಹಸಿರು ಮಚ್ಚೆಮಚ್ಚೆಯಾಗಿ, ತುದಿಗಳು ಗಾಜಿನಂತೆ ಪಾರದರ್ಶಕವಾಗುತ್ತವೆ. ಕಂಡ ಕೂಡಲೇ ಆ ಬಳ್ಳಿಯನ್ನು ಪೂರ್ತಿ ತೆಗೆಯಿರಿ. ಆಗಲೇ ಬಿಟ್ಟುಬಿಟ್ಟಿದ್ದರೆ ರೆಫ್ಯೂಜಿಯಂ ವಾಲ್ವ್ ಮುಚ್ಚಿ, ಮೇಲಿನ ಟ್ಯಾಂಕಿಗೆ ಏರ್ ಪಂಪ್ ಕೊಟ್ಟು, ಸ್ಕಿಮ್ಮರ್ ಜೋರು ಮಾಡಿ, ಫಿಲ್ಟರಿನ ಹೊಸ ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಹಾಕಿ, ಕಾಲು ಭಾಗ ನೀರು ಬದಲಿಸಿ.

24 ಗಂಟೆ ದೀಪ ಉರಿಸುವುದು ಇದನ್ನು ತಡೆಯಲಿಕ್ಕೇ. ಕತ್ತಲು ಬೆಳಕಿನ ತಾಳ ಇಲ್ಲದಿದ್ದರೆ ಅದು ಆ ದಾರಿ ಹಿಡಿಯುವುದು ಅಪರೂಪ. ನಮ್ಮೂರುಗಳಲ್ಲಿ ಇದಕ್ಕೊಂದು ತೊಡಕು: 24 ಗಂಟೆಯ ದೀಪಕ್ಕೆ ಒಗ್ಗಿದ ಪಾಚಿಗೆ ರಾತ್ರಿಯಿಡೀ ಕರೆಂಟ್ ಹೋದರೆ ಅದೇ ಪ್ರಚೋದನೆ. 20 ವಾಟಿನ ದೀಪ ಮನೆಯ ಇನ್ವರ್ಟರಿಗೆ ಭಾರವಲ್ಲ, ಆ ಲೈನಿಗೇ ಕೊಡಿ. ಇನ್ನುಳಿದ ಕಾರಣ ಮುದಿ ಬಳ್ಳಿ. ವಾರವಾರ ಕೀಳುತ್ತಿದ್ದರೆ ಎಳೆಯ ಬೆಳೆಯೇ ಇರುತ್ತದೆ. ಕೀಳುವಾಗ ಕತ್ತರಿ ಬೇಡ. ಕತ್ತರಿಸಿದ ಕಡೆಯಿಂದ ಒಳರಸ ಸೋರುತ್ತದೆ, ಅದು ಬೇರೆ ಜೀವಿಗಳಿಗೆ ಅಹಿತ. ಬಳ್ಳಿಯನ್ನು ಹುಡುಕಿ ಬೇರಿನ ಸಮೇತ ಮೆಲ್ಲಗೆ ಎಳೆದುಕೊಳ್ಳಿ. ಮೂರರಲ್ಲೊಂದು ಪಾಲು ತೆಗೆದರೆ ಸಾಕು. ತೆಗೆದದ್ದನ್ನು ಹಿಂಡಿ, ತಕ್ಕಡಿಯಲ್ಲಿ ತೂಗಿ ಬರೆದಿಡಿ. ವಾರದ ತೂಕ ಇಳಿಯುತ್ತಾ ಬಂದರೆ ಯಾವ ಟೆಸ್ಟ್ ಕಿಟ್‌ಗಿಂತ ಮೊದಲೇ ಅದು ನಿಮಗೆ ಸುದ್ದಿ ಹೇಳಿರುತ್ತದೆ.

ಕಿತ್ತ ಕಾಲರ್ಪಾವನ್ನು ಚರಂಡಿಗೆ, ಕೆರೆಗೆ, ಸಮುದ್ರಕ್ಕೆ ಎಸೆಯಬೇಡಿ. ಮೆಡಿಟರೇನಿಯನ್‌ನಲ್ಲಿ ಕಾಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊದಲು ಕಂಡದ್ದು ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಎದುರಿನ ಕಡಲಲ್ಲಿ. ಅಲ್ಲಿಂದ ಅದು ಸಾವಿರಾರು ಹೆಕ್ಟೇರಿಗೆ ಹಬ್ಬಿತು. 2000ರಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಿಕ್ಕಾಗ ಟಾರ್ಪಾಲು ಹೊದಿಸಿ ಕ್ಲೋರಿನ್ ಬಿಟ್ಟು ಕೊಲ್ಲಬೇಕಾಯಿತು, ನಿರ್ಮೂಲವಾಯಿತೆಂದು ಘೋಷಿಸಿದ್ದು 2006ರಲ್ಲಿ. ಬಿಸಿಲಿಗೆ ಹಾಕಿ ಗರಿಗರಿ ಒಣಗಿಸಿ, ಆಮೇಲೆ ಕಸದ ಬುಟ್ಟಿಗೆ.

ಮ್ಯಾಂಗ್ರೋವ್, ಅಂದರೆ ಕರಾವಳಿಯವರ ಕಾಂಡ್ಲಾ ಗಿಡದ ಬಗ್ಗೆ ಎರಡೇ ಮಾತು. ನೋಡಲು ಚೆಂದ, ಬೆಳವಣಿಗೆ ಬಹಳ ನಿಧಾನ. ನೈಟ್ರೇಟ್ ಇಳಿಸುವ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಹಿಡಿಯಿರಿ.

ಕೆಡುವುದು ಎಲ್ಲಿ

ಅತಿ ಹೆಚ್ಚು ಕೇಳುವ ದೂರು ಇದು: ನೈಟ್ರೇಟ್ ಸೊನ್ನೆಗೆ ಬಂದಿದೆ, ಫಾಸ್ಫೇಟ್ 0.2ರಲ್ಲೇ ನಿಂತಿದೆ, ಪಾಚಿ ಬೆಳೆಯುವುದನ್ನೇ ನಿಲ್ಲಿಸಿ ಬಿಳಿಚಿಕೊಂಡಿದೆ. ಕಾರಣ ಮೊದಲ ಲೆಕ್ಕದಲ್ಲೇ ಇದೆ. ಆಹಾರದಲ್ಲಿ ಒಂದು ಭಾಗ ರಂಜಕಕ್ಕೆ ಏಳು ಭಾಗ ಸಾರಜನಕ ಬರುತ್ತಿದೆ. ಕಡಲಪಾಚಿಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕ ಸರಾಸರಿ 550:30:1ರ ಪ್ರಮಾಣದಲ್ಲಿರುತ್ತವೆ ಎಂದು 1983ರಲ್ಲಿ ಅಟ್ಕಿನ್ಸನ್ ಮತ್ತು ಸ್ಮಿತ್ ತೋರಿಸಿದರು. ಅದು ಪರಮಾಣುಗಳ ಲೆಕ್ಕ. ತೂಕಕ್ಕೆ ತಿರುಗಿಸಿದರೆ ಒಂದು ಭಾಗ ರಂಜಕಕ್ಕೆ ಹದಿಮೂರರಿಂದ ಹದಿನಾಲ್ಕು ಭಾಗ ಸಾರಜನಕ. ಬರುವ ಸಾರಜನಕವನ್ನೆಲ್ಲ ಪಾಚಿ ತಿಂದು ಮುಗಿಸಿದರೂ ಅರ್ಧದಷ್ಟು ರಂಜಕ ಉಳಿದೇ ಉಳಿಯುತ್ತದೆ. ಸಾರಜನಕ ಮುಗಿದ ದಿನ ಪಾಚಿಯೂ ನಿಲ್ಲುತ್ತದೆ. ಇಂಥ ಸ್ಥಿತಿಯಲ್ಲಿ ಕೆಲವರು ದೀಪ ಬದಲಿಸುತ್ತಾರೆ, ಕೆಲವರು ಇನ್ನಷ್ಟು ಕೆಸರು ಹಾಕುತ್ತಾರೆ. ಬೇಕಾದದ್ದು ನೈಟ್ರೇಟ್. ಲ್ಯಾಬ್ ದರ್ಜೆಯ ಪೊಟ್ಯಾಸಿಯಂ ನೈಟ್ರೇಟ್ 1.3 ಗ್ರಾಂ, 400 ಲೀಟರಿನಲ್ಲಿ 2 ಪಿಪಿಎಂ ಏರಿಸುತ್ತದೆ. ಆರ್‌ಓ ನೀರಿನಲ್ಲಿ ಕರಗಿಸಿ, ದಿನ ಬಿಟ್ಟು ದಿನ ಅಳೆದು, 5 ಪಿಪಿಎಂ ಬಳಿ ನಿಲ್ಲಿಸಿ. ಪಾಚಿ ಮತ್ತೆ ಬೆಳೆದು ಫಾಸ್ಫೇಟನ್ನೂ ಎಳೆಯುತ್ತದೆ. ನೈಟ್ರೇಟ್ ಹಾಕಲು ಇಷ್ಟವಿಲ್ಲದವರು ಫಾಸ್ಫೇಟ್ ಹಿಡಿಯುವ ಕಬ್ಬಿಣದ ಹರಳುಗಳನ್ನು ಕಂಪನಿ ಹೇಳಿದ ಅಳತೆಯ ಅರ್ಧದಷ್ಟು ಬಳಸಬಹುದು.

ಎರಡೂ ಸೊನ್ನೆಗೆ ಬಂದರೆ ಖುಷಿಪಡಬೇಡಿ. ಕಂದು ಲೋಳೆ ಕಟ್ಟುವ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲೇಟ್‌ಗಳು ಹಸಿದ ಟ್ಯಾಂಕನ್ನೇ ಹುಡುಕಿಕೊಂಡು ಬರುತ್ತವೆ. ಆಗ ಮಾಡಬೇಕಾದದ್ದು ದೀಪದ ಹೊತ್ತು ಇಳಿಸುವುದು, ಆಹಾರ ಹೆಚ್ಚಿಸುವುದು.

ನೈಟ್ರೇಟ್ ಇದ್ದೂ ಪಾಚಿ ಬಿಳಿಚಿದರೆ ಕಬ್ಬಿಣ ಸಾಲದು. ಹೊಸ ಕೆಸರಿನಲ್ಲಿ ಕಾಲರ್ಪಾಕ್ಕೆ ಈ ಸಮಸ್ಯೆ ಅಪರೂಪ, ತೇಲುವ ಕೀಟೊಮಾರ್ಫಾಕ್ಕೆ ಸಾಮಾನ್ಯ. ನೀರಿಗೆ ತಿಳಿಹಳದಿ ಬಣ್ಣ ಬಂದರೆ ಅದು ಪಾಚಿ ಬಿಡುವ ಸಾವಯವ ಪದಾರ್ಥ. 100 ಲೀಟರಿಗೆ 25 ಗ್ರಾಂ ಲೆಕ್ಕದಲ್ಲಿ ಇದ್ದಿಲು ಇಟ್ಟು, ತಿಂಗಳಿಗೊಮ್ಮೆ ಬದಲಿಸಿದರೆ ಹೋಗುತ್ತದೆ.

ಇನ್ನು ಕಪ್ಪು ಬಣ್ಣ. ಗಾಜಿನ ಬದಿಯಿಂದ ನೋಡಿದಾಗ ಕೆಸರಿನ ಒಳಪದರ ಕಪ್ಪಾಗಿರುವುದು ಸಹಜ, ಅದು ಕಬ್ಬಿಣದ ಸಲ್ಫೈಡ್. ಅದನ್ನು ಕೆದಕದಿದ್ದರೆ ಅದರ ಪಾಡಿಗೆ ಅದಿರುತ್ತದೆ. ಕಪ್ಪು ಮೇಲ್ಮೈಗೇ ಬಂದರೆ, ಅಥವಾ ಬಿಳಿ ಬೂಷ್ಟಿನಂಥ ಬ್ಯಾಕ್ಟೀರಿಯಾ ಪದರ ಹರಡಿದರೆ, ಅಥವಾ ಏಳುವ ಗುಳ್ಳೆಗೆ ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಆಗ ಎಚ್ಚರ. ಮೇಲೆ ಹಿಕ್ಕೆ ಹೆಚ್ಚಾಗಿದೆ, ಹರಿವು ಕಮ್ಮಿಯಾಗಿದೆ, ಇಲ್ಲವೇ ಯಾವುದೋ ಕಲ್ಲು ಕೆಸರಿನ ಮೇಲೆ ಚಪ್ಪಟೆಯಾಗಿ ಕೂತಿದೆ. ಮೇಲಿನ ಕೊಳೆಯನ್ನು ಸಣ್ಣ ಟ್ಯೂಬಿನಿಂದ ಹೀರಿ ತೆಗೆದು, ಕಲ್ಲನ್ನು ಎತ್ತಿ ಪಿವಿಸಿ ಕಾಲುಗಳ ಮೇಲಿಡಿ. ಕೈ ಹಾಕಿ ಕಲಕಿದರೆ ಹೈಡ್ರೋಜನ್ ಸಲ್ಫೈಡ್ ನೇರ ಮೀನಿಗೆ ತಲುಪುತ್ತದೆ.

ಕೆಸರಿಗೂ ಆಯಸ್ಸಿದೆ. ಹೊಸ ಕೆಸರು ಮೊದಮೊದಲು ಫಾಸ್ಫೇಟನ್ನು ಕಬ್ಬಿಣಕ್ಕೆ ಅಂಟಿಸಿಕೊಂಡು ಇಳಿಸುತ್ತದೆ, 'ಕೆಸರು ಹಾಕಿದ ತಿಂಗಳಲ್ಲೇ ಫಾಸ್ಫೇಟ್ ಹೋಯಿತು' ಎನ್ನುವವರು ಕಂಡದ್ದು ಅದನ್ನೇ. ಆ ಜಾಗ ತುಂಬುತ್ತದೆ. ತುಂಬಿದ ಮೇಲೆ, ಆಮ್ಲಜನಕವಿಲ್ಲದ ಕಡೆ ಕಬ್ಬಿಣ ಕರಗುವಾಗ ಹಿಡಿದಿದ್ದ ಫಾಸ್ಫೇಟ್ ಬಿಟ್ಟುಹೋಗುತ್ತದೆ. ಆಹಾರ ಅಷ್ಟೇ, ಕೊಯ್ಲು ಅಷ್ಟೇ, ಆದರೂ ಫಾಸ್ಫೇಟ್ ಏರುತ್ತಿದೆ ಎಂದರೆ ಆ ಹಂತ ಬಂದಿದೆ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ. ಪೂರ್ತಿ ಬದಲಿಸಬೇಡಿ, ಜೀವಿಗಳೆಲ್ಲ ಹೋಗುತ್ತವೆ. ವಾಲ್ವ್ ಮುಚ್ಚಿ, ಅರ್ಧ ಭಾಗಕ್ಕೆ ಅಡ್ಡಲಾಗಿ ಅಕ್ರಿಲಿಕ್ ಹಲಗೆ ನಿಲ್ಲಿಸಿ, ಒಂದು ಪಕ್ಕದ ಕೆಸರನ್ನು 16 ಮಿ.ಮೀ. ಪೈಪಿನಿಂದ ಬಕೆಟ್ಟಿಗೆ ಹೀರಿ. ಆ ನೀರನ್ನು ಟ್ಯಾಂಕಿಗೆ ಮರಳಿ ಹಾಕಬಾರದು. ಹೊಸ ಕೆಸರು ಹಾಕುವ ಕ್ರಮ ಮೊದಲಿನದೇ. ಇನ್ನರ್ಧ ಆರು ತಿಂಗಳ ಮೇಲೆ.

ಕೊನೆಗೆ ಬಂದ ಪ್ರಶ್ನೆಗಳು

ಅಘನಾಶಿನಿ ಅಳಿವೆಯಿಂದಲೋ ಕಾರವಾರದ ಕಾಂಡ್ಲಾ ಕಾಡಿನಿಂದಲೋ ಒಂದು ಬಕೆಟ್ ಕೆಸರು ತಂದರೆ ಆಗದೇ ಎಂದು ಒಬ್ಬರು ಕೇಳಿದರು. ಆಗದು. ಅಳಿವೆಯ ಕೆಸರಿನಲ್ಲಿ ಕೊಳೆತ ಎಲೆ, ಸಾವಯವ ಪದಾರ್ಥ ವಿಪರೀತ. ಹೊಳೆ ಹೊತ್ತು ತಂದ ಗೊಬ್ಬರ, ಕೀಟನಾಶಕಗಳ ಅಂಶ ಎಷ್ಟಿದೆ ಎಂದು ಮನೆಯಲ್ಲಿ ಅಳೆಯಲಾಗದು. ಅಲ್ಲಿನ ಜೀವಿಗಳು ಮಳೆಗಾಲದ ಸಿಹಿನೀರಿಗೂ ಬೇಸಿಗೆಯ ಉಪ್ಪಿಗೂ ಒಗ್ಗಿದವು, ತಾಮ್ರದಂಥ ಲೋಹ ಸ್ವಲ್ಪವೇ ಇದ್ದರೂ ನಿಮ್ಮ ಬೆನ್ನೆಲುಬಿಲ್ಲದ ಜೀವಿಗಳು ಉಳಿಯುವುದಿಲ್ಲ. ಕಾಂಡ್ಲಾ ಪ್ರದೇಶಕ್ಕೆ ಕರಾವಳಿ ನಿಯಂತ್ರಣದ ಕಾನೂನೂ ಇದೆ. ಹಾಗೆಯೇ ನಮ್ಮ ಕಡಲಿನ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ನೇತ್ರಾಣಿಯಿಂದ ಒಂದು ತುಂಡು ಕಲ್ಲನ್ನೂ ತರುವ ಯೋಚನೆ ಬೇಡ.

ಕೆಸರು ದುಬಾರಿ, ಬದಲಿ ಏನು ಎಂಬುದು ಇನ್ನೊಂದು ಪ್ರಶ್ನೆ. ಅರ್ಧ ಮಿ.ಮೀ. ಕಣದ ಅರಗೊನೈಟ್ ಮರಳನ್ನು 10 ಸೆಂ.ಮೀ. ದಪ್ಪ ಹಾಕಿ, ಅದರ ಮೇಲಿನ ಎರಡು ಸೆಂ.ಮೀ.ಗೆ ಮಾತ್ರ ಕೆಸರು ಬೆರೆಸಿ. ನಮ್ಮ ಅಳತೆಯಲ್ಲಿ 9 ಲೀಟರ್ ಕೆಸರಿನ ಬದಲು ಎರಡು ಲೀಟರಿಗೆ ಮುಗಿಯುತ್ತದೆ. ಜೀವಿಗಳಿಗೆ ಅಷ್ಟೇ ಹಿತ. ಆದರೆ ದಪ್ಪ ಹಾಸು ನೀರಿನ ಜಾಗವನ್ನು ತಿನ್ನುವುದರಿಂದ ಅಡ್ಡಗಾಜನ್ನು 5 ಸೆಂ.ಮೀ. ಎತ್ತರಿಸಬೇಕಾಗುತ್ತದೆ. ಸಂಪ್ ಮಾಡಿಸುವಾಗಲೇ ಗಾಜಿನವರಿಗೆ ಹೇಳಿ, ಸಿಲಿಕೋನ್ ಕಿತ್ತು ಮತ್ತೆ ಅಂಟಿಸಿದ ಗಾಜು ಎಂದೂ ಮೊದಲಿನಷ್ಟು ಗಟ್ಟಿ ಕೂರುವುದಿಲ್ಲ.